ಕೂಡು ಕುಟುಂಬಕ್ಕೆ ಕೈಗೆಟುಕುವ ಆರೋಗ್ಯ ವಿಮೆ

ಅಪ್ಪ, ಅವ್ವ, ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು, ಆರು ಮೊಮ್ಮಕ್ಕಳು: ಒಟ್ಟು 14 ಜನ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಇಂಥ ಮನೆ ಇನ್ನೂ ಅಪರೂಪವಲ್ಲ. ಆದರೆ ಖಾಸಗಿ ಕಂಪನಿಯ ‘ಫ್ಯಾಮಿಲಿ ಫ್ಲೋಟರ್’ ಪಾಲಿಸಿಗೆ ಕುಟುಂಬವೆಂದರೆ ಸಾಮಾನ್ಯವಾಗಿ ಗಂಡ, ಹೆಂಡತಿ, ಮಕ್ಕಳು. ಅಪ್ಪ-ಅವ್ವನನ್ನು ಸೇರಿಸಲು ಬಿಟ್ಟರೂ ಕಂತು ನಿಗದಿಯಾಗುವುದು ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ. ಆದ್ದರಿಂದ ಏಜೆಂಟರನ್ನು ಕರೆಯುವ ಮೊದಲು ಮನೆಯಲ್ಲೇ ಇರುವ ಎರಡು ಕಾಗದ ತೆಗೆದು ನೋಡಿ.

ಮೊದಲನೆಯದು: ಪಡಿತರ ಚೀಟಿ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಉಚಿತ; ಕಂತಿಲ್ಲ, ತಲೆಗಳ ಮಿತಿಯಿಲ್ಲ. ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ₹1.5 ಲಕ್ಷದವರೆಗೆ ಮಾತ್ರ. ಇಲ್ಲಿ ಕುಟುಂಬದ ಲೆಕ್ಕ ಪಡಿತರ ಚೀಟಿಯದು. ಹೊಸ ಸೊಸೆ, ಹುಟ್ಟಿದ ಕೂಸಿನ ಹೆಸರನ್ನು ಚೀಟಿಗೆ ಸೇರಿಸುವುದನ್ನು ಮುಂದೂಡಬೇಡಿ.

ಎರಡನೆಯದು: ಸೊಸೈಟಿಯ ಷೇರು

ಎಪಿಎಲ್ ಚೀಟಿಯ ರೈತನಿಗೆ ಉಳಿಯುವ ಆ ದೊಡ್ಡ ಕೊರತೆಯನ್ನು ತುಂಬಬಲ್ಲದ್ದು ಯಶಸ್ವಿನಿ. ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಕಲ್ಪನೆಯಿಂದ ಹುಟ್ಟಿ, 2003ರ ಜೂನ್‌ನಲ್ಲಿ ತಲೆಗೆ ತಿಂಗಳಿಗೆ ₹5ರಂತೆ ಶುರುವಾದ ಯೋಜನೆ ಇದು. 2018ರಲ್ಲಿ ನಿಂತು, 2023ರ ಜನವರಿಯಲ್ಲಿ ಮತ್ತೆ ಜಾರಿಗೆ ಬಂತು. ಪಿಕೆಪಿಎಸ್, ಹಾಲಿನ ಸಂಘ, ನೇಕಾರರ ಸಂಘಗಳಂಥ ಸಹಕಾರ ಸಂಘಗಳ ಸದಸ್ಯರಿಗೆ ಇದು ತೆರೆದಿದೆ. ತಂದೆ-ತಾಯಿ, ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಇದರ ಕುಟುಂಬದೊಳಗೆ ಬರುತ್ತಾರೆ. ಮರುಜಾರಿಯಾದಾಗ ಗ್ರಾಮೀಣ ಸದಸ್ಯರಿಗೆ ನಿಗದಿಯಾದ ವಂತಿಗೆ ನಾಲ್ಕು ಜನರಿಗೆ ₹500, ಮುಂದಿನ ಪ್ರತಿ ತಲೆಗೆ ₹100. ಪಟ್ಟಣದ ಸಂಘದವರಿಗೆ ಇದರ ಎರಡರಷ್ಟು. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ರಕ್ಷಣೆ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷ.

ಈಗ 14 ಜನರ ಲೆಕ್ಕ ಹಾಕೋಣ. ಅಪ್ಪನೊಬ್ಬನ ಸದಸ್ಯತ್ವದ ಮೇಲೆ ಎಲ್ಲರೂ ಸೇರಿದರೆ ₹1,500. ಆದರೆ ಒಂದೇ ₹5 ಲಕ್ಷವನ್ನು 14 ಜನ ಹಂಚಿಕೊಳ್ಳಬೇಕು. ಮೂವರು ಮಕ್ಕಳೂ ಸಂಘದ ಸದಸ್ಯರಾಗಿ, ಬೇರೆ ಬೇರೆ ಕುಟುಂಬವಾಗಿ ನೋಂದಾಯಿಸಿಕೊಂಡರೆ ತಲಾ ₹500. ಅಪ್ಪ-ಅವ್ವ ಒಬ್ಬ ಮಗನ ಜೊತೆಗಾದರೆ ಇನ್ನೂ ₹200. ಒಟ್ಟು ₹1,700ಕ್ಕೆ ಮೂರು ಕುಟುಂಬಗಳಿಗೆ ತಲಾ ₹5 ಲಕ್ಷ. ₹200 ಹೆಚ್ಚಿಗೆ ಕೊಟ್ಟರೆ ರಕ್ಷಣೆ ಮೂರು ಪಟ್ಟು. ಹೀಗೆ ಬೇರೆಯಾಗಿ ನೋಂದಾಯಿಸಲು ಬೇಕಾದ ದಾಖಲೆಗಳೇನು, ಈ ವರ್ಷದ ವಂತಿಗೆ ಎಷ್ಟು, ಕೊನೆಯ ದಿನ ಯಾವುದು ಎಂದು ಸಂಘದ ಕಾರ್ಯದರ್ಶಿಯನ್ನು ಮೊದಲೇ ಕೇಳಿಕೊಳ್ಳಿ. ನೋಂದಣಿ ವರ್ಷವಿಡೀ ನಡೆಯುವುದಿಲ್ಲ.

ಮಿತಿಗಳೂ ಇವೆ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಯೋಜನೆಯ ಜಾಲದ ಆಸ್ಪತ್ರೆಯಲ್ಲಿ ಮಾತ್ರ ಸೌಲಭ್ಯ. ಬೆಳಗಾವಿಗೋ ಹುಬ್ಬಳ್ಳಿಗೋ ಹೊರಡುವ ಮೊದಲು ಆ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ.

ಇಷ್ಟಾದ ಮೇಲೂ ಕೈಯಲ್ಲಿ ಹಣವಿದ್ದರೆ ಖಾಸಗಿ ಪಾಲಿಸಿಯ ಮಾತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬದ ಆರೋಗ್ಯ ಪಾಲಿಸಿಗಳಿಗೆ ಶೇ. 18 ಜಿಎಸ್‌ಟಿ ಇಲ್ಲ. ಹಿರಿಯರಿಗೆ ಒಂದು, ಕಿರಿಯರಿಗೆ ಒಂದು ಪಾಲಿಸಿ ಮಾಡಿಸಿದರೆ ಅಪ್ಪನ ವಯಸ್ಸು ಮೊಮ್ಮಕ್ಕಳ ಕಂತನ್ನು ಏರಿಸುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಅರ್ಜಿಯಲ್ಲೇ ಬರೆಯಿರಿ: ಮೊದಲೇ ಇರುವ ಕಾಯಿಲೆಗೆ ಕಂಪನಿ ಮೂರು ವರ್ಷದವರೆಗೆ ಕಾಯಿಸಬಹುದು, ಆದರೆ ಮುಚ್ಚಿಟ್ಟದ್ದು ಬಯಲಾದರೆ ಕ್ಲೇಮನ್ನೇ ತಿರಸ್ಕರಿಸಬಹುದು.