ಎತ್ತಿದೊಡನೆ ಮಡಚಿಕೊಳ್ಳುವ ಕಾಲುಗಳು

ಹತ್ತು ದಿನದ ಕೂಸನ್ನು ಹಾಸಿಗೆಯಿಂದ ಎತ್ತುವಾಗ ಎಲ್ಲರ ಕಣ್ಣೂ ಅದರ ಮುಖದ ಮೇಲೆ. ಕತ್ತಿನ ಹಿಂದೆ ಕೈ ಕೊಟ್ಟೆನೋ ಇಲ್ಲವೋ ಎಂಬ ಆತಂಕ ಬೇರೆ. ಒಮ್ಮೆ, ಒಂದೇ ಒಮ್ಮೆ, ಅದರ ಕಾಲುಗಳನ್ನು ನೋಡಿ! ಬೆನ್ನು ಹಾಸಿಗೆ ಬಿಟ್ಟ ಕ್ಷಣವೇ ತೊಡೆಗಳು ಹೊಟ್ಟೆಯತ್ತ ಸರಿಯುತ್ತವೆ, ಮಂಡಿಗಳು ಮಡಚಿಕೊಂಡು ಅತ್ತಿತ್ತ ಅಗಲುತ್ತವೆ, ಅಂಗಾಲುಗಳು ಒಂದರತ್ತ ಒಂದು ತಿರುಗುತ್ತವೆ. ಯಾರೂ ಹೇಳಿಕೊಟ್ಟದ್ದಲ್ಲ. ತನ್ನ ತಲೆಯನ್ನೇ ಹೊರಲಾರದ ಜೀವ, ಎತ್ತಿದವರ ಮೈಗೆ ಆತು ಕೂರಲು ಆಗಲೇ ತಯಾರು!

1970ರ ಸುಮಾರಿಗೆ ಜರ್ಮನಿಯ ಜೀವವಿಜ್ಞಾನಿ ಬರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಮನುಷ್ಯನ ಕೂಸಿಗೆ ಪ್ರಾಣಿಲೋಕದಲ್ಲಿ ಹೊಸದೊಂದು ಜಾಗ ಕೊಟ್ಟರು. ಅದು ಗೂಡಿನಲ್ಲಿ ಬಿದ್ದುಕೊಂಡು ಬಾಯಿ ತೆರೆಯುವ ಹಕ್ಕಿಮರಿಯ ಹಾಗಲ್ಲ, ಹುಟ್ಟಿದ ಗಳಿಗೆಗೇ ಎದ್ದು ನಿಲ್ಲುವ ಕರುವಿನ ಹಾಗೂ ಅಲ್ಲ. ಅದು ಹೊರಿಸಿಕೊಳ್ಳಲೆಂದೇ ಹುಟ್ಟಿದ ಮರಿ. ಆ ಮಡಚಿದ ಕಾಲುಗಳೇ ಅದಕ್ಕೆ ಸಾಕ್ಷಿ ಎಂದು ನನಗನ್ನಿಸುತ್ತದೆ. ಹಾಗಾದರೆ ಬೇಬಿ ಕ್ಯಾರಿಯರ್‌ನಲ್ಲಿ ಮಗುವಿನ ಕಾಲು ಹೇಗಿಡಬೇಕು ಎಂಬ ಪ್ರಶ್ನೆಗೆ ಮಗುವೇ ಉತ್ತರ ಕೊಟ್ಟಾಗಿದೆ. ನಮ್ಮ ಪಾಲಿಗೆ ಉಳಿದಿರುವುದು ಅದನ್ನು ಕೆಡಿಸದೇ ಇರುವುದು.

ಏಕೆ ಕೆಡಿಸಬಾರದು ಎಂದು ತಿಳಿಯಲು ಸೊಂಟದ ಕೀಲಿನ ಒಳಗೆ ಇಣುಕಬೇಕು. ಅಲ್ಲಿರುವ ಸಂಗತಿ ಬೆರಗಿನದು! ನಮ್ಮಲ್ಲಿ ಗಟ್ಟಿ ಮೂಳೆಯಾಗಿರುವ ಆ ಕೀಲು ಎಳೆಗೂಸಿನಲ್ಲಿ ಬಹುಪಾಲು ಬರೀ ಮೃದ್ವಸ್ಥಿ. ತೊಡೆಮೂಳೆಯ ದುಂಡು ತಲೆಯಲ್ಲಿ ಮೂಳೆಯ ಮೊದಲ ಚುಕ್ಕಿ ಮೂಡುವುದೇ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ಹೊತ್ತಿಗೆ. ಅಲ್ಲಿಯವರೆಗೆ ಆ ದುಂಡು ತಲೆಯೂ ಅದು ಕೂರುವ ಗುಳಿಯೂ ಒಂದನ್ನೊಂದು ರೂಪಿಸುತ್ತಲೇ ಇರುತ್ತವೆ. ಗುಂಡುಕಲ್ಲು ನಡುವೆ ನಿಂತು ತಿರುಗಿದಷ್ಟೂ ಒರಳು ಆಳವಾಗಿ ನುಣುಪಾಗುತ್ತದಲ್ಲ, ಹಾಗೆ. ತೊಡೆ ಮಡಚಿ, ಒಂದಿಷ್ಟು ಅಗಲಿಸಿದಾಗ ಆ ದುಂಡು ತಲೆ ಗುಳಿಯ ನಟ್ಟನಡುವೆ ಕೂರುತ್ತದೆ. ಎರಡೂ ಕಾಲನ್ನು ನೆಟ್ಟಗೆ ಎಳೆದು ಜೋಡಿಸಿದರೆ, ಒಂಬತ್ತು ತಿಂಗಳು ಮಡಚಿಕೊಂಡೇ ಬೆಳೆದ ಸ್ನಾಯುಗಳು ಬಿಗಿದು ಅದನ್ನು ಅಂಚಿನತ್ತ ತಳ್ಳುತ್ತವೆ. ಕೆಲವು ಕೂಸುಗಳಲ್ಲಿ ಗುಳಿ ಆಳವಾಗದೆಯೇ ಉಳಿಯುತ್ತದೆ, ಕೆಲವರಲ್ಲಿ ಕೀಲು ಜಾರಿಯೇ ಬಿಡುತ್ತದೆ. ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಮಕ್ಕಳಲ್ಲಿ, ಗರ್ಭದಲ್ಲಿ ಕುಂಡೆ ಕೆಳಗಾಗಿದ್ದವರಲ್ಲಿ, ಮನೆತನದಲ್ಲಿ ಯಾರಿಗಾದರೂ ಈ ತೊಂದರೆ ಇದ್ದವರಲ್ಲಿ ಇದು ಹೆಚ್ಚು. ಬಲಗಾಲಿಗಿಂತ ಎಡಗಾಲಿನಲ್ಲಿ ಹೆಚ್ಚು!

ಇನ್ನು ನಾನು ಓದುತ್ತ ಓದುತ್ತ ಎದ್ದು ಕೂತ ಕತೆ. ಚೆಕ್ ದೇಶದ ಮೂಳೆವೈದ್ಯ ಆರ್ನೊಲ್ಡ್ ಪಾವ್ಲಿಕ್ ಅವರ ಕಾಲಕ್ಕೆ ಮುಂಚೆ, ಜಾರಿದ ಕೀಲನ್ನು ಒತ್ತಿ ಕೂರಿಸಿ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಅಲ್ಲಾಡದಂತೆ ಬಿಗಿಯುತ್ತಿದ್ದರು. ಎಷ್ಟೋ ಮಕ್ಕಳಲ್ಲಿ ಆ ಬಿಗಿತಕ್ಕೇ ತೊಡೆಮೂಳೆಯ ತಲೆಗೆ ರಕ್ತ ಸಿಗದೆ ಅದು ಸಾಯುತ್ತಿತ್ತು. 1940ರ ದಶಕದಲ್ಲಿ ಪಾವ್ಲಿಕ್ ಇದನ್ನು ತಲೆಕೆಳಗು ಮಾಡಿದರು. ಎದೆಗೊಂದು ಪಟ್ಟಿ, ಹೆಗಲಿಂದ ಪಾದಕ್ಕೆ ಇಳಿಯುವ ಪಟ್ಟಿಗಳು, ಅಷ್ಟೇ. ಮಂಡಿ ಮಡಚಿಯೇ ಇರುತ್ತದೆ, ಕಾಲು ನೀಡಲು ಮಾತ್ರ ಆಗುವುದಿಲ್ಲ, ಉಳಿದಂತೆ ಒದೆಯಬಹುದು, ಕುಣಿಸಬಹುದು. ಮಗು ಒದ್ದಿತು, ಕುಣಿಸಿತು, ಹಾಗೆ ಆಡುತ್ತಾಡುತ್ತಲೇ ಜಾರಿದ ಕೀಲು ತನ್ನ ಜಾಗಕ್ಕೆ ಬಂತು! ವೈದ್ಯರ ಕೈ ಒತ್ತಿದ್ದಲ್ಲ, ಕೂಸಿನ ಆಟವೇ ಔಷಧಿಯಾದದ್ದು. ಆರು ತಿಂಗಳೊಳಗಿನ ಮಕ್ಕಳಿಗೆ ಇಂದಿಗೂ ಮೊದಲು ಹಾಕುವುದು ಆ ಪಟ್ಟಿಯನ್ನೇ. ಆ ಪಟ್ಟಿ ಕಾಲನ್ನು ಇಡುವ ಭಂಗಿಗೂ, ಎತ್ತಿದೊಡನೆ ಕೂಸು ತಾನಾಗಿ ತಾಳುವ ಭಂಗಿಗೂ ಹೆಚ್ಚೇನೂ ವ್ಯತ್ಯಾಸವಿಲ್ಲ ಎಂಬುದನ್ನು ಗಮನಿಸಿ.

ಜಪಾನಿನಲ್ಲಿ ನಡೆದದ್ದು ಇನ್ನೂ ದೊಡ್ಡದು. ಅಲ್ಲಿ ಎಳೆಗೂಸಿನ ಕಾಲನ್ನು ನೇರ ಮಾಡಿ ಬಟ್ಟೆ ಸುತ್ತುವ ರೂಢಿಯಿತ್ತು, ನೂರರಲ್ಲಿ ಒಂದರಿಂದ ಮೂರೂವರೆ ಮಕ್ಕಳಿಗೆ ಸೊಂಟದ ಕೀಲಿನ ತೊಂದರೆಯೂ ಇತ್ತು. 1975ರ ಸುಮಾರಿಗೆ ಶುರುವಾದ ದೇಶವ್ಯಾಪಿ ಪ್ರಚಾರ ತಾಯಂದಿರಿಗೆ ಹೇಳಿದ್ದು ಇಷ್ಟೇ: ಕಾಲು ನೆಟ್ಟಗೆ ಎಳೆಯಬೇಡಿ, ಮಡಚಿಕೊಂಡಿರಲು ಬಿಡಿ. ಪ್ರಮಾಣ ನೂರಕ್ಕೆ 0.2ಕ್ಕಿಂತ ಕೆಳಗಿಳಿಯಿತು! ಶಸ್ತ್ರಚಿಕಿತ್ಸೆಯಿಲ್ಲ, ಔಷಧಿಯಿಲ್ಲ, ಬಟ್ಟೆ ಸುತ್ತುವ ರೀತಿ ಬದಲಾಯಿತು, ಅಷ್ಟೇ. ಇತ್ತ ಆಫ್ರಿಕಾದ ಮಲಾವಿಯಲ್ಲಿ ತಾಯಂದಿರು ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ, ಕಾಲುಗಳು ತಾಯಿಯ ಸೊಂಟವನ್ನು ಬಳಸಿರುತ್ತವೆ. ಅಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಮೂಳೆ ಚಿಕಿತ್ಸೆಗೆ ಬಂದ ನಲವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು ನೋಡಿದರೆ, ಈ ತೊಂದರೆಗಾಗಿ ಶಸ್ತ್ರಚಿಕಿತ್ಸೆ ಬೇಕಾದ ಮಗು ಒಂದೂ ಇರಲಿಲ್ಲ. ವಂಶದ ಗುಣವೂ ಕಾರಣವಿರಬಹುದು, ಎಲ್ಲವನ್ನೂ ಕಟ್ಟುವ ರೀತಿಯ ಲೆಕ್ಕಕ್ಕೇ ಬರೆಯಲಾಗದು. ಆದರೂ ಮೈ ಜುಮ್ಮೆನ್ನುವ ಸಂಗತಿ.

ಈಗ ಕ್ಯಾರಿಯರ್ ಕೈಗೆತ್ತಿಕೊಳ್ಳೋಣ. ಎರಡು ಕಾಲಿನ ನಡುವೆ ಬರುವ ಬಟ್ಟೆ ಎಷ್ಟು ಅಗಲ ಎಂದು ಮೊದಲು ನೋಡಿ. ಸಣ್ಣ ಪಟ್ಟಿಯಾದರೆ ಮಗುವಿನ ಭಾರವೆಲ್ಲ ತೊಡೆಸಂದಿಗೆ ಬಿದ್ದು ಕಾಲುಗಳು ನೇತಾಡುತ್ತವೆ. ಬಟ್ಟೆ ಒಂದು ಮಂಡಿಯ ಹಿಂಬದಿಯಿಂದ ಇನ್ನೊಂದು ಮಂಡಿಯ ಹಿಂಬದಿಯವರೆಗೆ ತೊಡೆಯನ್ನು ಪೂರಾ ಆತುಕೊಂಡಿರಬೇಕು, ಅಲ್ಲಿಗೆ ನಿಲ್ಲಬೇಕು. ಅದಕ್ಕೂ ಅಗಲವಾದ ಬಟ್ಟೆ ಕೂಸಿನ ಕಾಲನ್ನು ಬಲವಂತವಾಗಿ ಹಿಗ್ಗಿಸುತ್ತದೆ, ಅದೂ ಬೇಡ. ಹುಟ್ಟಿದ ಹೊಸದರಲ್ಲಿ ಕಾಲು ಅಗಲುವುದು ಕಡಿಮೆ, ತಿಂಗಳು ಕಳೆದಂತೆ ಹೆಚ್ಚು. ಕಟ್ಟಿಕೊಂಡ ಮೇಲೆ ಎರಡೂ ಅಂಗೈಯನ್ನು ಮಗುವಿನ ತೊಡೆಗಳ ಕೆಳಗೆ ತೂರಿಸಿ, ಕುಂಡೆಯನ್ನು ಮೆಲ್ಲಗೆ ನಿಮ್ಮ ಹೊಟ್ಟೆಯತ್ತ ಒಳಕ್ಕೆ ಸರಿಸಿ. ಕುಂಡೆ ಇಳಿಯಿತು, ಮಂಡಿಗಳು ಅದಕ್ಕಿಂತ ಚೂರು ಮೇಲೆ ಬಂದವು, ಬೆನ್ನು ಬಿಲ್ಲಿನಂತೆ ಬಾಗಿತು. ಎದುರಿನಿಂದ ನೋಡಿದರೆ ಇಂಗ್ಲಿಷಿನ ಎಂ ಅಕ್ಷರ! ಪಾದಗಳು ಬಟ್ಟೆಯೊಳಗೆ ಸಿಕ್ಕಿಕೊಂಡು ಒತ್ತಿಹೋಗಬಾರದು, ಮಂಡಿಯ ಕೆಳಗೆ ಕಾಲು ಸಲೀಸಾಗಿ ಆಡಬೇಕು. ಬೆರಳುಗಳ ಬಣ್ಣ ನೋಡಿ, ಮಂಡಿಯ ಹಿಂದೆ ಗೀರು ಬಿದ್ದಿದೆಯೇ ನೋಡಿ.

ಮುಖ ಹೊರಕ್ಕೆ ಮಾಡಿ ಕೂರಿಸುವುದು ಎಳೆಗೂಸಿಗೆ ಸಲ್ಲದು. ಕಾಲಿಗಿಂತ ಮುಖ್ಯವಾದ ಒಂದು ಮಾತನ್ನೂ ಇಲ್ಲೇ ಹೇಳಬೇಕು: ಗದ್ದ ಎದೆಗೆ ಒತ್ತಿಹೋದರೆ ಉಸಿರಿನ ದಾರಿ ಮುಚ್ಚುತ್ತದೆ. ಗದ್ದದ ಕೆಳಗೆ ಎರಡು ಬೆರಳು ಹಿಡಿಸುವಷ್ಟು ಜಾಗ, ಮೂಗು ಬಾಯಿ ಸದಾ ಕಣ್ಣಿಗೆ ಕಾಣುವಂತೆ, ಬಗ್ಗಿದರೆ ನೆತ್ತಿಗೆ ಮುತ್ತಿಡುವಷ್ಟು ಎತ್ತರ. ದಿನ ತುಂಬದೆ ಹುಟ್ಟಿದ ಕೂಸಾದರೆ ವೈದ್ಯರನ್ನು ಕೇಳದೆ ಕ್ಯಾರಿಯರ್ ಬೇಡವೇ ಬೇಡ.

ನಮ್ಮ ಬಾಣಂತಿ ಮನೆಗಳಲ್ಲಿ ಎಣ್ಣೆನೀರು ಹಾಕಿ, ಹೊಗೆ ಹಿಡಿದು, ಕಾಲು ಸೊಟ್ಟಗಾದೀತೆಂಬ ಅಂಜಿಕೆಗೆ ಎರಡೂ ಕಾಲನ್ನು ಜೋಡಿಸಿ ಬಿಗಿಯಾಗಿ ಸುತ್ತುವ ಅಜ್ಜಿಯರಿದ್ದಾರೆ. ಅವರ ಪ್ರೀತಿಗೆ ನಾನು ಕೈಮುಗಿಯುತ್ತೇನೆ. ಎದೆಗೆ ಸುತ್ತಿ ಅಜ್ಜಿ, ಸೊಂಟದಿಂದ ಕೆಳಗೆ ಮಾತ್ರ ಸಡಿಲ ಬಿಡಿ! ಎಳೆಗೂಸಿನ ಬಾಗಿದ ಕಾಲು ಬೆಳೆಯುತ್ತ ತಾನೇ ನೆಟ್ಟಗಾಗುತ್ತದೆ. ಅದೇ ಅಜ್ಜಿ, ಕತ್ತು ನಿಂತ ಮೇಲೆ ಮಗುವನ್ನು ಕಂಕುಳಿಗೇರಿಸಿ, ಕಾಲುಗಳನ್ನು ಸೊಂಟದ ಅತ್ತಿತ್ತ ಇಳಿಬಿಟ್ಟು ಓಣಿಯೆಲ್ಲ ತಿರುಗುತ್ತಾಳಲ್ಲ, ಅದು ಕೀಲಿಗೆ ಒಪ್ಪುವ ಭಂಗಿ. ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಬರಿಯೆದೆಗೆ ಕಟ್ಟುವ ಕಾಂಗರೂ ಆರೈಕೆಯಲ್ಲೂ ಕಾಲುಗಳನ್ನು ಕಪ್ಪೆಯಂತೆ ಮಡಚಿಯೇ ಇಡುತ್ತಾರೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ವೈದ್ಯ ಎಡ್ಗರ್ ರೇ ಆರಂಭಿಸಿದ ಆ ಪದ್ಧತಿ ನಮ್ಮ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳವರೆಗೂ ಬಂದಿದೆ.

ಕ್ಯಾರಿಯರ್ ಚಿಕಿತ್ಸೆಯಲ್ಲ, ಇದು ನೆನಪಿರಲಿ. ಒಂದು ತೊಡೆ ಇನ್ನೊಂದರಷ್ಟು ಅಗಲದಿದ್ದರೆ, ಒಂದು ಕಾಲು ಗಿಡ್ಡವೆನಿಸಿದರೆ, ಬಟ್ಟೆ ಬದಲಿಸುವಾಗ ಕೀಲಿನಲ್ಲಿ ಟಕ್ಕೆಂದು ಏನೋ ಸರಿದಂತೆ ಕೈಗೆ ತಿಳಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕುಂಡೆ ಕೆಳಗಾಗಿದ್ದ ಕೂಸಾದರೆ ಆರು ವಾರದ ಹೊತ್ತಿಗೆ ಸ್ಕ್ಯಾನಿಂಗ್ ಬೇಕೇ ಎಂದು ನೀವಾಗಿಯೇ ಕೇಳಿ. ಈ ವಯಸ್ಸಿನಲ್ಲಿ ಎಕ್ಸ್‌ರೇಗೆ ಮೃದ್ವಸ್ಥಿ ಕಾಣುವುದೇ ಇಲ್ಲ, ಶಬ್ದದ ಅಲೆಗಳಿಗೆ ಕಾಣುತ್ತದೆ! 1980ರಲ್ಲಿ ಅದನ್ನು ತೋರಿಸಿಕೊಟ್ಟವರು ಆಸ್ಟ್ರಿಯಾದ ರೈನ್‌ಹಾರ್ಡ್ ಗ್ರಾಫ್. 1992ರಿಂದ ಆ ದೇಶದಲ್ಲಿ ಹುಟ್ಟುವ ಎಲ್ಲ ಕೂಸುಗಳಿಗೂ ಈ ಸ್ಕ್ಯಾನಿಂಗ್ ಸೌಲಭ್ಯವಿದೆ.