ಶರೀರದ ಕೀಲುಗಳೂ ನಮ್ಮ ದುಡಿಮೆಯೂ

ಪ್ರಾಯಕ್ಕೆ ಬಂದ ಮನುಷ್ಯನ ಶರೀರದಲ್ಲಿ ಸಾಮಾನ್ಯವಾಗಿ 206 ಎಲುಬುಗಳಿರುತ್ತವೆ. ನಾಲಗೆಯ ಬುಡದಲ್ಲಿ ಕುದುರೆಲಾಳದ ಆಕಾರದಲ್ಲಿರುವ ಒಂದು ಚಿಕ್ಕ ಎಲುಬನ್ನು ಬಿಟ್ಟರೆ ಉಳಿದವೆಲ್ಲವೂ ಒಂದಲ್ಲ ಒಂದು ಎಲುಬಿನೊಡನೆ ಕೂಡಿಕೊಂಡೇ ಇವೆ. ಹೀಗೆ ಎಲುಬುಗಳು ಕೂಡುವ ಸ್ಥಳಕ್ಕೆ ಶಾಸ್ತ್ರದಲ್ಲಿ ಸಂಧಿಯೆಂದೂ, ಆಡುಮಾತಿನಲ್ಲಿ ಕೀಲು, ಗಂಟು ಎಂದೂ ಹೆಸರು. ನೋವು ಬಂದ ಹೊರತು ಇವುಗಳ ನೆನಪು ಯಾರಿಗೂ ಆಗುವುದಿಲ್ಲ. ನಮ್ಮ ವಾಚಕರಲ್ಲಿ ಬಹುಮಂದಿ ನಿಂತು, ಬಗ್ಗಿ, ಭಾರ ಎತ್ತಿ ದುಡಿದು ಉಣ್ಣುವವರಾದುದರಿಂದ ಈ ವಿಷಯವನ್ನು ವೈದ್ಯರ ಪಾಲಿಗೇ ಬಿಡದೆ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸುತ್ತೇವೆ.

ಸಂಧಿಗಳ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯು 210 ಸಂಧಿಗಳನ್ನು ಎಣಿಸಿ, ಅವುಗಳನ್ನು 8 ಬಗೆಯಾಗಿ ವಿಂಗಡಿಸಿದೆ. ತೋಳಿನ ಬುಡದ ಹಾಗೂ ತೊಡೆಯ ಬುಡದ ಸಂಧಿಗಳಿಗೆ ಅಲ್ಲಿ ಉಲೂಖಲವೆಂದು ಹೆಸರು. ಉಲೂಖಲವೆಂದರೆ ಒರಳು. ತಲೆಬುರುಡೆಯ ಸಂಧಿಗೆ ತುನ್ನಸೇವನೀ, ಎಂದರೆ ಬಟ್ಟೆಯ ಹೊಲಿಗೆ. ಪಾಶ್ಚಾತ್ಯ ವೈದ್ಯರೂ ಬುರುಡೆಯ ಕೂಡಿಕೆಯನ್ನು ಹೊಲಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೇ ಕರೆಯುತ್ತಾರೆ. ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳ ಪಂಡಿತರಿಗೆ ಒಂದೇ ಹೋಲಿಕೆ ಹೊಳೆದುದು ಸ್ವಾರಸ್ಯವಾಗಿದೆ.

ಇಂದಿನ ಶಾಸ್ತ್ರದಂತೆ ಸಂಧಿಗಳಲ್ಲಿ ಅಲುಗದವು, ಅಲ್ಪ ಅಲುಗುವವು, ಸರಾಗವಾಗಿ ಆಡುವವು ಎಂದು ಮೂರು ವರ್ಗಗಳುಂಟು. ಬುರುಡೆಯ ಹೊಲಿಗೆಗಳು ಮೊದಲನೆಯ ವರ್ಗಕ್ಕೆ ಸೇರಿದವು. ಎಳೆಯ ಮಗುವಿನಲ್ಲಿ ಇವಿನ್ನೂ ಬಿಗಿದಿರುವುದಿಲ್ಲವಾದುದರಿಂದಲೇ ನೆತ್ತಿ ಮಿಡಿಯುವುದು ಕಾಣುತ್ತದೆ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿದ್ದು, ಅಲ್ಲಿ ಒಂದೊಂದು ಮಣಿಯೂ ಅಲ್ಪವೇ ಅಲುಗುತ್ತದೆ. ಎಲ್ಲ ಸೇರಿದಾಗ ಮಾತ್ರ ನಾವು ನೆಲ ಮುಟ್ಟುವಷ್ಟು ಬಗ್ಗುತ್ತೇವೆ.

ಕೈಕಾಲುಗಳಲ್ಲಿರುವ ಬಹುತೇಕ ಕೀಲುಗಳು ಸರಾಗವಾಗಿ ಆಡುವ ಜಾತಿಯವು. ಇವುಗಳಲ್ಲಿ ಎಲುಬಿನ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ, ಸುತ್ತಲೂ ಒಂದು ಚೀಲ, ಚೀಲದೊಳಗೆ ಜಾರುವ ದ್ರವ, ಹೊರಗೆ ಬಿಗಿಯುವ ಕಟ್ಟುಗಳು. ಆ ದ್ರವವು ಮೊಟ್ಟೆಯ ಬಿಳಿಯ ಲೋಳೆಯಂತಿರುತ್ತದೆಂದು ಬಲ್ಲವರು ಹೇಳುತ್ತಾರೆ. ಸಸ್ಯಾಹಾರಿ ವಾಚಕರು ಕ್ಷಮಿಸಬೇಕು. ದೊಡ್ಡದಾದ ಮಂಡಿಯಲ್ಲಿ ಸಹ ಅದು ಒಂದು ಚಹದ ಚಮಚ ತುಂಬುವಷ್ಟಿಲ್ಲ. ಬೆರಳಿನ ನೆಟಿಗೆ ಮುರಿಯುವಾಗ ಬರುವ ಸದ್ದಿಗೆ ಎಲುಬು ಕಾರಣವಲ್ಲ, ಈ ದ್ರವದೊಳಗಿನ ವಾಯುವಿನ ಗುಳ್ಳೆಯೇ ಕಾರಣ. ನೆಟಿಗೆ ಮುರಿದರೆ ಗಂಟುವಾತ ಬರುವುದೆಂದು ಹಿರಿಯರು ಗದರಿಸುವುದುಂಟು. ಅಮೇರಿಕದ ಡಾ. ಡೊನಾಲ್ಡ್ ಉಂಗರ್ ಎಂಬವರು 50 ವರ್ಷ ಒಂದೇ ಕೈಯ ನೆಟಿಗೆ ಮುರಿದು, ಇನ್ನೊಂದನ್ನು ಬಿಟ್ಟು, ಎರಡೂ ಕೈಗಳಲ್ಲಿ ವಾತ ಕಾಣಲಿಲ್ಲವೆಂದು 1998ರಲ್ಲಿ ಪ್ರಕಟಿಸಿದರು!

ಈ ಜಾತಿಯಲ್ಲಿಯೇ ಆಕಾರಭೇದದಿಂದ 6 ಬಗೆಗಳಿವೆ. ಇವನ್ನು ಕಾಣಲು ಹೋಟೆಲಿನ ಅಡಿಗೆಮನೆ ಸಾಕು. ಗ್ರೈಂಡರ್ ಯಂತ್ರ ಬರುವ ಮೊದಲು ಕಡೆಯುವ ಕಲ್ಲಿನ ಮುಂದೆ ಕುಳಿತವರ ತೋಳನ್ನು ಕಂಡವರು ನೆನಪಿಸಿಕೊಳ್ಳಲಿ. ಗುಂಡು ಒಂದು ಸುತ್ತು ಬರಬೇಕಾದರೆ ಭುಜವು ಎಲ್ಲ ದಿಕ್ಕಿಗೂ ತಿರುಗುತ್ತಿತ್ತು. ಮೊಣಕೈಯಾದರೋ ಮಡಚುವುದು, ಚಾಚುವುದು ಇಷ್ಟನ್ನೇ ಮಾಡುತ್ತಿತ್ತು. ಭುಜದ್ದು ಚೆಂಡು ಮತ್ತು ಗುಳಿಯ ಸಂಧಿ. ಮೊಣಕೈಯದು ಬಾಗಿಲಿನ ಬಿಜಾಗರಿಯಂತಹುದು. ಹಾಗಾದರೆ ಸಟ್ಟುಗದಿಂದ ದೋಸೆ ಮಗುಚುವಾಗ ಅಂಗೈ ಮೇಲುಕೆಳಗಾಗುವುದು ಹೇಗೆ? ಅದು ಮಣಿಕಟ್ಟಿನ ಕೆಲಸವೆಂದು ಅನೇಕರು ತಿಳಿದಿದ್ದಾರೆ. ವಸ್ತುತಃ ಮುಂದೋಳಿನ ಎರಡು ಎಲುಬುಗಳಲ್ಲಿ ಹೆಬ್ಬೆರಳ ಕಡೆಯದು ಇನ್ನೊಂದರ ಮೇಲೆ ಹೊರಳುತ್ತದೆ. ಎಡಗೈಯಿಂದ ಬಲದ ಮುಂದೋಳನ್ನು ಹಿಡಿದುಕೊಂಡು ಬಲದ ಅಂಗೈಯನ್ನು ಹೊರಳಿಸಿದರೆ ಒಳಗೆ ಎಲುಬು ಹೊರಳುವುದು ಸ್ಪಷ್ಟವಾಗಿ ತಿಳಿಯುತ್ತದೆ. ಇದು ತಿರುಗಣೆಯ ಸಂಧಿ. ಕುತ್ತಿಗೆಯ ಮೊದಲೆರಡು ಮಣಿಗಳ ನಡುವೆಯೂ ಇಂತಹುದೇ ಇದೆ. ಗಿರಾಕಿಗೆ “ಇಡ್ಲಿ ಇಲ್ಲ” ಎಂದು ತಲೆಯಾಡಿಸುವುದು ಮುಖ್ಯವಾಗಿ ಅಲ್ಲಿ. “ಇದೆ” ಎಂದು ತಲೆದೂಗುವುದು ಅದಕ್ಕಿಂತ ಒಂದು ಮೆಟ್ಟಲು ಮೇಲೆ, ಬುರುಡೆಯು ಮೊದಲ ಮಣಿಯ ಮೇಲೆ ಕೂರುವಲ್ಲಿ. ಮಣಿಕಟ್ಟು ಅಂಡಾಕಾರದ ಸಂಧಿ. ಹಿಂದೆ ಮುಂದೆ, ಅತ್ತಿತ್ತ ಬಾಗುತ್ತದೆ, ತನ್ನಷ್ಟಕ್ಕೆ ಸುತ್ತುವುದಿಲ್ಲ. ಹೆಬ್ಬೆರಳಿನ ಬುಡದಲ್ಲಿರುವುದು ಕುದುರೆಯ ಜೀನಿನ ಆಕಾರದ ಸಂಧಿ. ಇದರ ದೆಸೆಯಿಂದಲೇ ಹೆಬ್ಬೆರಳು ಇತರ ಬೆರಳುಗಳಿಗೆ ಎದುರಾಗಿ ನಿಲ್ಲಬಲ್ಲುದು. ಸಪ್ಲೈಯರ್ ಹುಡುಗನು ಒಂದೇ ಕೈಯಲ್ಲಿ ಮೂರು ಬಶಿ ಹಿಡಿಯಬಲ್ಲನು. ಆರನೆಯದು ಮಣಿಕಟ್ಟಿನ, ಪಾದದ ಸಣ್ಣ ಎಲುಬುಗಳು ಒಂದರ ಮೇಲೊಂದು ಜಾರುವ ಸಮತಲ ಸಂಧಿ.

ಭುಜ, ಸೊಂಟ ಎರಡೂ ಚೆಂಡು ಮತ್ತು ಗುಳಿಯ ಸಂಧಿಗಳೇ. ಆದರೆ ಸೊಂಟದ ಗುಳಿ ಆಳವಾಗಿದೆ. ಭುಜದ ಗುಳಿಯು ಬಶಿಯ ಮೇಲೆ ನಿಂಬೆಹಣ್ಣಿಟ್ಟಷ್ಟು ಮೇಲುಮೇಲಿನದು. ಸುಶ್ರುತನ ಒರಳಿನ ಹೋಲಿಕೆ ತೊಡೆಗೆ ಒಪ್ಪುವಷ್ಟು ತೋಳಿಗೆ ಒಪ್ಪದೆಂದೇ ನಮ್ಮ ಅಭಿಪ್ರಾಯ. ಆಳ ಕಡಿಮೆಯಾದುದರಿಂದ ಭುಜಕ್ಕೆ ಸ್ವಾತಂತ್ರ್ಯ ಹೆಚ್ಚು, ಭದ್ರತೆ ಕಡಿಮೆ. ಶರೀರದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚಾಗಿ ತಪ್ಪುವುದು ಇದೇ. ನಾವು ಹೋಟೆಲು ನಡೆಸುತ್ತಿದ್ದಾಗ ಇಪ್ಪತ್ತನಾಲ್ಕು ವರ್ಷದ ಅಡಿಗೆಯವರೊಬ್ಬರು ಅಟ್ಟದಿಂದ ಅಕ್ಕಿಮೂಟೆ ಎಳೆಯುವಾಗ ಭುಜ ತಪ್ಪಿತು. ಜೊತೆಯವರು ಕೈಹಿಡಿದು ಎಳೆದು ಕೂರಿಸಹೊರಟರು. ನಾವು ತಡೆದು ಆಸ್ಪತ್ರೆಗೆ ಕರೆದೊಯ್ದೆವು. ಎಕ್ಸ್‌ರೇಯಲ್ಲಿ ಎಲುಬಿನ ಅಂಚು ಸಹ ಒಡೆದುದು ಕಂಡಿತು. ಆ ಕೀಲಿನ ಸಮೀಪದಲ್ಲಿಯೇ ನರಗಳೂ ರಕ್ತನಾಳಗಳೂ ಹಾದುಹೋಗುತ್ತವೆ; ಅರಿಯದವರು ಎಳೆದರೆ ಕೈಯೇ ಸ್ವಾಧೀನ ತಪ್ಪಬಹುದು. ಎಳೆಯ ಪ್ರಾಯದಲ್ಲಿ ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವ ಸಂಭವ ಹೆಚ್ಚು. ಅವರದೂ ಮತ್ತೆರಡು ಬಾರಿ ತಪ್ಪಿ, ಕಾವಲಿ ಬಿಟ್ಟು ಗಲ್ಲಾಕ್ಕೆ ಕೂರಬೇಕಾಯಿತು. ಒಳ್ಳೆಯ ಕೈಯಡಿಗೆ ಹಾಗೆ ನಿಂತುಹೋಯಿತು.

ಇನ್ನು ಮಂಡಿ. ಇದು ಶರೀರದ ಅತಿ ದೊಡ್ಡ ಕೀಲು. ಬಿಜಾಗರಿಯ ಜಾತಿಯದೇ ಆದರೂ ಮಡಚಿದಾಗ ತುಸು ತಿರುಗುತ್ತದೆ. ಒಳಗೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳೂ, ಅಡ್ಡಡ್ಡವಾಗಿ ಹಾಯ್ದ ಎರಡು ಕಟ್ಟುಗಳೂ ಇವೆ. ಹೊರೆ ಹೊತ್ತವನು ಪಾದವನ್ನು ಊರಿದಂತೆಯೇ ಮೈ ತಿರುಗಿಸಿದರೆ ಆ ಮೆತ್ತೆ ಹರಿಯುವುದುಂಟು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಆದುದರಿಂದ ಗಾಯವಾದರೆ ಚರ್ಮದಂತೆ ಮಾಯುವುದಿಲ್ಲ. ಕೀಲಿನ ದ್ರವವೇ ಅದಕ್ಕೆ ಆಹಾರ. ನಡೆಯುವಾಗ ಭಾರ ಬಿದ್ದು ಬಿಟ್ಟಂತೆ, ಒದ್ದೆ ಅರಿವೆ ಹಿಂಡಿಸಿಕೊಂಡು ಮತ್ತೆ ನೀರು ಹೀರುವಂತೆ, ಅದು ದ್ರವವನ್ನು ಹೀರುತ್ತದೆ. ಎಂದ ಮೇಲೆ ಕೀಲಿಗೆ ಬೇಕಾದುದು ಪೂರ್ಣ ವಿಶ್ರಾಂತಿಯೂ ಅಲ್ಲ, ಒಂದೇ ಭಂಗಿಯ ದುಡಿತವೂ ಅಲ್ಲ. ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ನೆಲ ಒರಸುವುದು, ಮೂಟೆ ಎತ್ತುವುದು, ಎರಡೂ ಮಂಡಿಯ ಸವೆತವನ್ನು ಹೆಚ್ಚಿಸುತ್ತವೆ. ಮೈಯ ತೂಕವೂ ಹಾಗೆಯೇ. ಒಂದು ಕಿಲೋ ಇಳಿಸಿದರೆ ಹೆಜ್ಜೆಹೆಜ್ಜೆಗೆ ಮಂಡಿಯ ಮೇಲಣ ಭಾರ ಸುಮಾರು 4 ಕಿಲೋ ಇಳಿಯುವುದೆಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಪೂರ್ತಿ ಸವೆದ ಕೀಲಿಗೆ ಬದಲಿ ಹಾಕುವ ವಿದ್ಯೆಯೂ ಇದೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು 1962ರಲ್ಲಿ ಸೊಂಟಕ್ಕೆ ಲೋಹದ ಚೆಂಡನ್ನೂ ಹೊಸ ಬಗೆಯ ಪ್ಲಾಸ್ಟಿಕ್ ಗುಳಿಯನ್ನೂ ಕೂರಿಸಿ ದಾರಿ ತೋರಿದರು. ಮಂಡಿಗೂ ಈಗ ಅದು ಸಾಧ್ಯ. ಆದರೆ ಖರ್ಚು ನಮ್ಮ ಅಡಿಗೆಯವರ, ಕ್ಲೀನರುಗಳ ಕೈಗೆಟುಕುವಂತಹುದೇ?

ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಅಂಗಡಿ ಮುಂಗಟ್ಟುಗಳ ಕೆಲಸಗಾರರಿಗೆ ಕೂರಲು ಆಸನವಿಡಬೇಕೆಂದು ಕಾನೂನು ಮಾಡಿವೆ. ಕಾನೂನಿಗಾಗಿ ಕಾಯಬೇಕಾದ ವಿಷಯವೇ ಇದಲ್ಲ. ಅಡಿಗೆಮನೆಯಲ್ಲಿ ಸ್ಥಳವಿಲ್ಲವೆಂದು ಮಾಲಕ ಬಾಂಧವರು ಹೇಳುತ್ತಾರೆ. ನಾವೂ ಆ ಇಕ್ಕಟ್ಟನ್ನು ಬಲ್ಲವರೇ. ಗೋಡೆಗೆ ಬಿಜಾಗರಿಯಿಂದ ಜೋಡಿಸಿದ ಮಡಚುವ ಹಲಗೆಗೆ ಒಂದೂವರೆ ಅಡಿ ಸಾಕು. ಕಾವಲಿಯವನನ್ನೂ ಪಾತ್ರೆ ತೊಳೆಯುವವನನ್ನೂ ದಿನದಲ್ಲಿ ಎರಡು ಬಾರಿ ಅದಲುಬದಲು ಮಾಡುವುದಕ್ಕಂತೂ ಅಷ್ಟು ಸ್ಥಳವೂ ಬೇಡ.