ಆ್ಯಪ್‌ನಿಂದ ಇಂಗ್ಲಿಷ್ ಬರುತ್ತದೆಯೇ?

ಪ್ರಶ್ನೆ: ಮೊಬೈಲ್ ಆ್ಯಪ್ ಒಂದರಿಂದಲೇ ಇಂಗ್ಲಿಷ್ ಕಲಿಯಬಹುದೇ? – ಓದುಗರು, ಹಿರೀಸಾವೆ

ಉತ್ತರ: ಪದ ಕಲಿಯಬಹುದು, ಮಾತು ಕಷ್ಟ. ಕಲಿತದ್ದು ಬೇಗ ಮರೆಯುತ್ತದೆ, ದಿನ ಬಿಟ್ಟು ಮೆಲುಕು ಹಾಕಿದರೆ ನಿಲ್ಲುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು; ಡ್ಯುಯೊಲಿಂಗೊದಂಥ ಆ್ಯಪ್‌ಗಳು ಹಳೆಯ ಪದವನ್ನು ಮತ್ತೆ ಮತ್ತೆ ಕೇಳುವುದು ಅದಕ್ಕೇ. ಆದರೆ ‘ನಾನು ಕಾಫಿ ಕುಡಿದೆ’ ಎನ್ನಲು ಪರದೆಯ ಮೇಲೆ ‘ಐ’, ‘ಡ್ರ್ಯಾಂಕ್’, ‘ಕಾಫಿ’ ಸಿದ್ಧವಾಗಿರುತ್ತವೆ, ಒತ್ತಿ ಜೋಡಿಸಿದರೆ ಮುಗಿಯಿತು. ಕ್ರಿಯಾಪದವನ್ನು ಕೊನೆಗಿಟ್ಟು ರೂಢಿಯಾದ ನಮಗೆ, ಎದುರಿಗೆ ಜನ ನಿಂತಾಗ ಆ ಜೋಡಣೆ ತಾನಾಗಿ ಹೊಳೆಯಬೇಕು. ಊರಲ್ಲಿ ಇಂಗ್ಲಿಷ್ ಮಾತಾಡಲು ಯಾರಿದ್ದಾರೆ ಎನ್ನಬಹುದು. ನಿಜ, ಆದರೂ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ, ಮನೆಯ ಮಕ್ಕಳೇ ಜೊತೆಗಾರರಾಗಬಲ್ಲರು. ಆ್ಯಪ್‌ಗೆ ಹದಿನೈದು ನಿಮಿಷ ಕೊಟ್ಟರೆ, ಮೊಬೈಲ್ ಕೆಳಗಿಟ್ಟು ಅದೇ ವಾಕ್ಯಗಳನ್ನು ಅವರೊಂದಿಗೆ ಗಟ್ಟಿಯಾಗಿ ಆಡಲು ಅಷ್ಟೇ ಹೊತ್ತು ಕೊಡಿ.